ಯಾರನ್ನೂ ತೆಗೆಯದೆ ಅರ್ಧ ಕುರ್ಚಿ ಖಾಲಿ: ಕಾಲ್ ಸೆಂಟರ್ ಕೆಲಸಗಳು ಎಲ್ಲಿಗೆ ಹೋಗುತ್ತಿವೆ?

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಬಿಎ, ಬಿಕಾಂ ಮುಗಿಸಿದವರಿಗೆ ಬೆಂಗಳೂರಲ್ಲಿ ಬೇಗ ಸಿಗುವ ಕೆಲಸ ಅಂದರೆ ಬಿಪಿಒ, ಅಂದರೆ ಬೇರೆ ಕಂಪನಿಗಳ ಫೋನ್ ಕರೆ, ಕಚೇರಿ ಕೆಲಸ ಗುತ್ತಿಗೆಗೆ ಮಾಡಿಕೊಡುವ ಕಂಪನಿ. ಇಂಗ್ಲಿಷ್ ಒಂದಿಷ್ಟು ಬಂದರೆ ಸಾಕು, ಎಂಜಿನಿಯರಿಂಗ್ ಬೇಕಾಗಿಲ್ಲ, ಪರಿಚಯದವರ ಶಿಫಾರಸೂ ಬೇಡ. ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ, ಪಿಜಿ ಹಿಡಿದು, ಒಂದೆರಡು ವರ್ಷ ನೈಟ್ ಶಿಫ್ಟ್ ಮಾಡಿ, ಕೈಯಲ್ಲಿ ಸ್ವಲ್ಪ ದುಡ್ಡಾದ ಮೇಲೆ ಬ್ಯಾಂಕ್ ಪರೀಕ್ಷೆಗೋ ಪಿಎಸ್‌ಐಗೋ ಓದ್ತೀನಿ ಅಂತ ಹೊರಟವರು ನಮ್ಮ ಪ್ರತಿ ಓಣಿಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಅಲ್ಲೇ ಉಳಿದು ಟೀಮ್ ಲೀಡರ್ ಆಗಿ, ತಂಗಿ ಮದುವೆ ಮಾಡಿ, ಊರಲ್ಲಿ ಸೈಟ್ ತಗೊಂಡಿದ್ದೂ ಇದೆ.

ಈಗ ಅಲ್ಲಿಂದ ಬರುವ ಮಾತು ಬೇರೆ. ಹೊಸಬರನ್ನ ತಗೊಳ್ತಿಲ್ಲ, ವಾಯ್ಸ್ ಪ್ರೋಸೆಸ್ (ಫೋನಲ್ಲಿ ಮಾತಾಡುವ ಕೆಲಸ) ಕಮ್ಮಿಯಾಗಿದೆ, ಬಾಟ್ (ತಾನೇ ಉತ್ತರ ಕೊಡುವ ಕಂಪ್ಯೂಟರ್ ಪ್ರೋಗ್ರಾಂ) ಬಂದಿದೆ. ತಮಾಷೆ ಏನಂದರೆ, ಅದೇ ಹೊತ್ತಿಗೆ ಅಮೆರಿಕದಲ್ಲಿ ರಾಜಕಾರಣಿಗಳು ‘ನಮ್ಮ ಕಾಲ್ ಸೆಂಟರ್ ಕೆಲಸ ಹೊರದೇಶದವರ ಪಾಲಾಯಿತು’ ಅಂತ ಕೂಗುತ್ತಿದ್ದಾರೆ. ಕಿತ್ತುಕೊಂಡ ಹೆಸರು ನಮಗೆ, ಆದರೆ ಕೆಲಸ ನಮ್ಮ ಹುಡುಗರ ಹತ್ತಿರಾನೂ ನಿಲ್ತಿಲ್ಲ. ಹಾಗಾದರೆ ಹೋಗಿದ್ದೆಲ್ಲಿಗೆ? ಇದನ್ನ ಸ್ವಲ್ಪ ಹಿಂದಿನಿಂದ ನೋಡಬೇಕು.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯನ್ನು ಯಾರೂ ರಾತ್ರೋರಾತ್ರಿ ಎತ್ತಿಕೊಂಡು ಹೋಗಲು ಆಗಲ್ಲ. ಅದಿರು ಇಲ್ಲಿದೆ, ರೈಲು ಹಳಿ ಇಲ್ಲಿದೆ, ಕುಲುಮೆ ಇಲ್ಲಿದೆ. ಕಾಲ್ ಸೆಂಟರಿಗೆ ಇಂಥ ಯಾವ ಬೇರೂ ಇಲ್ಲ. ಬೇಕಾಗಿರೋದು ಒಂದು ಕಟ್ಟಡ, ಕಂಪ್ಯೂಟರು, ಹೆಡ್‌ಸೆಟ್ಟು, ಮಾತಾಡುವ ಜನ, ಮತ್ತೆ ಸಮುದ್ರದ ತಳದಲ್ಲಿ ಹಾಕಿದ ಕೇಬಲ್ಲು. ಶಿಕಾಗೋದ ಗ್ರಾಹಕ ತನ್ನ ಊರಿನ ಟೋಲ್ ಫ್ರೀ ನಂಬರ್ ಒತ್ತುತ್ತಾನೆ, ಕರೆ ಎತ್ತುವವರು ವೈಟ್‌ಫೀಲ್ಡ್‌ನಲ್ಲಿ ಕೂತಿರುತ್ತಾರೆ. ಅವನಿಗೆ ಒಂದು ಪೈಸೆ ಜಾಸ್ತಿ ಬೀಳಲ್ಲ.

ಇದು ಶುರುವಾಗಿದ್ದು ತೊಂಬತ್ತರ ದಶಕದಲ್ಲಿ. ಬ್ರಿಟಿಷ್ ಏರ್‌ವೇಸ್ ತನ್ನ ಬ್ಯಾಕ್ ಆಫೀಸ್ ಕೆಲಸಕ್ಕೆ (ಗ್ರಾಹಕರ ಕಣ್ಣಿಗೆ ಬೀಳದ ಕಚೇರಿ ಕೆಲಸ) 1996ರಲ್ಲಿ ಮುಂಬೈಯಲ್ಲಿ ಘಟಕ ಮಾಡಿತು, ಅದೇ ಮುಂದೆ ಡಬ್ಲ್ಯುಎನ್‌ಎಸ್ ಕಂಪನಿ ಆಯಿತು. ಜನರಲ್ ಎಲೆಕ್ಟ್ರಿಕ್‌ನ ಹಣಕಾಸು ಶಾಖೆ 1997ರಲ್ಲಿ ಗುರುಗ್ರಾಮದಲ್ಲಿ ಕೂತಿತು, ಅದು ಈಗಿನ ಜೆನ್‌ಪ್ಯಾಕ್ಟ್. ಆದರೆ ಬಾಗಿಲು ಪೂರ್ತಿ ತೆರೆದಿದ್ದು 2000ದ ನಂತರ. ಡಾಟ್‌ಕಾಂ ಹುಚ್ಚಿನಲ್ಲಿ, ಅಂದರೆ ಇಂಟರ್ನೆಟ್ ಕಂಪನಿಗಳಿಗೆ ಎಲ್ಲರೂ ದುಡ್ಡು ಸುರಿದ ಕಾಲದಲ್ಲಿ, ಕಂಪನಿಗಳು ಬೇಕಾಬಿಟ್ಟಿ ಕೇಬಲ್ ಹಾಕಿ ದಿವಾಳಿಯೆದ್ದವು. ಗ್ಲೋಬಲ್ ಕ್ರಾಸಿಂಗ್ ಅನ್ನೋ ದೊಡ್ಡ ಕೇಬಲ್ ಕಂಪನಿ 2002ರ ಜನವರಿಯಲ್ಲಿ ಮುಳುಗಿತು. ಕಂಪನಿ ಮುಳುಗಿದರೂ ಕೇಬಲ್ ಎಲ್ಲಿ ಹೋಗತ್ತೆ, ಅಲ್ವಾ? ಅದು ಸಮುದ್ರದಲ್ಲೇ ಇತ್ತು, ಸಿಕ್ಕ ಬೆಲೆಗೆ ಬೇರೆಯವರ ಕೈಗೆ ಹೋಯಿತು, ಬಾಡಿಗೆ ಪಾತಾಳಕ್ಕಿಳಿಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಇಲ್ಲಿ ವಿದೇಶಿ ಕರೆಗಳ ಮೇಲೆ ವಿಎಸ್‌ಎನ್‌ಎಲ್ ಅನ್ನೋ ಕಂಪನಿ ಒಂದಕ್ಕೇ ಇದ್ದ ಹಕ್ಕೂ ಹೋಯಿತು.

ಇನ್ನು ಸಂಬಳ. ಅಮೆರಿಕದಲ್ಲಿ ಗ್ರಾಹಕ ಸೇವೆಯ ನೌಕರನಿಗೆ ಈಗ ಗಂಟೆಗೆ ಸುಮಾರು 20 ಡಾಲರ್ ಸಿಗುತ್ತೆ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೂ ಗಂಟೆಗೆ 1,700, ಎಂಟು ಗಂಟೆಗೆ 13,600. ಅಂದರೆ ಅಲ್ಲಿಯವರ ಎರಡು ದಿನದ ಕೂಲಿ ನಮ್ಮ ಸಿರುಗುಪ್ಪದ ಹುಡುಗ ಬೆಂಗಳೂರಲ್ಲಿ ತಿಂಗಳಿಡೀ ದುಡಿದು ತಗೊಳ್ಳುವ ಮೊದಲ ಸಂಬಳಕ್ಕೆ ಸಮ. ಕ್ಯಾಬ್, ಕಟ್ಟಡ, ಮ್ಯಾನೇಜರ್ ಖರ್ಚು ಎಲ್ಲ ಸೇರಿಸಿದ ಮೇಲೂ ಕಂಪನಿಗೆ ದೊಡ್ಡ ಮೊತ್ತ ಉಳಿಯುತ್ತೆ. ಜಾಣತನ, ಶ್ರದ್ಧೆ, ‘ಭಾರತೀಯರ ಇಂಗ್ಲಿಷ್’ ಅಂತ ಭಾಷಣದಲ್ಲಿ ಹೇಳ್ತಾರಲ್ಲ, ಅದೆಲ್ಲ ನಿಜ ಇರಬಹುದು. ಆದರೆ ಕೆಲಸ ಬಂದದ್ದು ಈ ಲೆಕ್ಕಕ್ಕೆ. ಲೆಕ್ಕಕ್ಕೆ ಬಂದದ್ದು ಲೆಕ್ಕ ಬದಲಾದರೆ ಹೋಗುತ್ತೆ.

ಅಲ್ಲಿ ಕೆಲಸ ಕಳೆದುಕೊಂಡವರ ಕಡೆಗೂ ಒಮ್ಮೆ ನೋಡೋಣ, ನಾವು ಅದನ್ನ ಅಷ್ಟಾಗಿ ನೋಡಿಲ್ಲ. ಬ್ರಿಟನ್‌ನಲ್ಲಿ 2003 ಕೆಟ್ಟ ವರ್ಷ. ಎಚ್‌ಎಸ್‌ಬಿಸಿ ಬ್ಯಾಂಕು 4,000 ಕೆಲಸಗಳನ್ನು ಏಷ್ಯಾಕ್ಕೆ ಸಾಗಿಸುತ್ತೇವೆ ಎಂದಿತು. ಲಾಯ್ಡ್ಸ್ ಟಿಎಸ್‌ಬಿ ಬ್ಯಾಂಕು ನ್ಯೂಕ್ಯಾಸಲ್‌ನ ಕಾಲ್ ಸೆಂಟರನ್ನೇ ಮುಚ್ಚಿ ಆ ಕೆಲಸ ಭಾರತಕ್ಕೆ ಕಳಿಸುವುದಾಗಿ ಹೇಳಿತು, ಅಲ್ಲಿದ್ದವರು ಹತ್ತಿರ ಹತ್ತಿರ ಸಾವಿರ ಜನ. ನ್ಯೂಕ್ಯಾಸಲ್ ಅಂದರೆ ಹಿಂದೆ ಕಲ್ಲಿದ್ದಲು, ಹಡಗು ಕಟ್ಟುವ ಕೆಲಸದ ಊರು. ಅವು ಹೋದ ಮೇಲೆ ಜನ ಕಾಲ್ ಸೆಂಟರಿಗೆ ಬಂದಿದ್ದರು. ಅದೂ ಹೋಯಿತು.

ಇಂಥ ಕಡೆ ಎಲ್ಲಕ್ಕಿಂತ ನೋವಿನ ಕೆಲಸ ‘ಕೆಟಿ’. ಬೇರೆಯವರಿಗೆ ಕೆಲಸ ಕಲಿಸಿಕೊಡೋದು. ಹೊಸ ಜಾಗದ ತಂಡಕ್ಕೆ ಹಳೇ ನೌಕರರೇ ವಾರಗಟ್ಟಲೆ ಪ್ರತಿಯೊಂದನ್ನೂ ತೋರಿಸಿಕೊಟ್ಟು, ಕೊನೇ ದಿನ ಗುರುತಿನ ಚೀಟಿ ವಾಪಸ್ ಕೊಟ್ಟು ಮನೆಗೆ ಹೋಗಬೇಕು. ಅಮೆರಿಕದಲ್ಲಿ ನೂರು ಇಲ್ಲವೇ ಅದಕ್ಕಿಂತ ಜಾಸ್ತಿ ಜನರಿರುವ ಕಂಪನಿ ಒಟ್ಟಾಗಿ ತೆಗೆಯುವಾಗ 60 ದಿನ ಮೊದಲು ತಿಳಿಸಬೇಕು ಅಂತ 1988ರ ಕಾನೂನಿದೆ. ವ್ಯಾಪಾರದಿಂದ ಕೆಲಸ ಹೋದವರಿಗೆ ತರಬೇತಿ ಕೊಡುವ ಸರ್ಕಾರಿ ಯೋಜನೆಯೂ ಇತ್ತು. ಆದರೆ ಅದು ಸರಕು ತಯಾರಿಸುವವರಿಗೆ ಮಾಡಿದ್ದು. ಸೇವಾ ವಲಯದವರು ಅದರೊಳಗೆ ಬಂದಿದ್ದೇ 2009ರಲ್ಲಿ, 2022ರ ಜುಲೈಗೆ ಯೋಜನೆಯ ಅವಧಿಯೇ ಮುಗಿದು ಹೊಸ ಅರ್ಜಿ ನಿಂತಿತು.

ಹಾಗಾದರೆ ಲಾಭ ಯಾರಿಗೆ? 2003ರಲ್ಲಿ ಮೆಕಿನ್ಸಿ ಅನ್ನೋ ಸಲಹಾ ಕಂಪನಿಯವರು ಒಂದು ಲೆಕ್ಕ ಕೊಟ್ಟರು. ಭಾರತಕ್ಕೆ ಹೋಗುವ ಪ್ರತಿ ಒಂದು ಡಾಲರ್ ಕೆಲಸದಿಂದ ಅಮೆರಿಕಕ್ಕೆ 1.12ರಿಂದ 1.14 ಡಾಲರ್ ವಾಪಸ್ ಬರುತ್ತೆ, ಭಾರತಕ್ಕೆ ಉಳಿಯೋದು 33 ಸೆಂಟ್ ಅಂತ. ಈ ಲೆಕ್ಕವನ್ನು ಒಪ್ಪದ ಅರ್ಥಶಾಸ್ತ್ರಜ್ಞರು ಇದ್ದಾರೆ. ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತೆ: ಆ ಹೆಚ್ಚಿನ 12 ಸೆಂಟ್ ಬಂದಿದ್ದು ಯಾರ ಜೇಬಿಗೆ? ಷೇರುದಾರರಿಗೆ, ಗ್ರಾಹಕರಿಗೆ, ಕಂಪನಿಗೆ. ನ್ಯೂಕ್ಯಾಸಲ್ ಥರದ ಊರಲ್ಲಿ ಕೆಲಸ ಕಳೆದುಕೊಂಡವರಿಗೆ ಅಲ್ಲ. ದೇಶಕ್ಕೆ ಲಾಭ ಅನ್ನೋ ಮಾತು ಸರಿಯಿದ್ದಾಗಲೂ ಒಂದು ಊರು ಪೂರ್ತಿ ಮುಳುಗಬಹುದು. ಇದನ್ನ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ಅಷ್ಟು ಮೇರೆ ಮೀರಿತ್ತು, ಆದೇಶ ಬೇಕೇ ಬೇಕಿತ್ತು. ಆದರೆ ಲಾರಿ ನಿಂತಾಗ ಮನೆಗೆ ಹೋದವರು ಗಣಿ ಧಣಿಗಳಲ್ಲ. ಡ್ರೈವರು, ಕ್ಲೀನರು, ಪಂಕ್ಚರ್ ಅಂಗಡಿಯವನು, ಹೈವೇ ಢಾಬಾದವನು. ಕಾಲ್ ಸೆಂಟರ್ ಮುಚ್ಚಿದಾಗಲೂ ಹಾಗೇ. ಕ್ಯಾಬ್ ಡ್ರೈವರು, ಪಿಜಿ ಓನರು, ಬೆಳಗಿನ ಜಾವ ನಾಲ್ಕಕ್ಕೆ ಗೇಟಿನ ಮುಂದೆ ಟೀ ಮಾರುವವನು ಯಾವ ಪಟ್ಟಿಯಲ್ಲೂ ಬರಲ್ಲ.

ಹೋದ ಕೆಲಸ ವಾಪಸ್ ಹೋಗಿದ್ದೂ ಇದೆ. ಡೆಲ್ ಕಂಪನಿ 2003ರ ಕೊನೆಗೆ ತನ್ನ ದೊಡ್ಡ ವ್ಯಾಪಾರಿ ಗ್ರಾಹಕರ ಕೆಲವು ಕರೆಗಳನ್ನು ಬೆಂಗಳೂರಿಂದ ಅಮೆರಿಕಕ್ಕೆ ತಿರುಗಿಸಿತು, ಗ್ರಾಹಕರ ದೂರು ಜಾಸ್ತಿಯಾಗಿತ್ತು. ಮೇಲೆ ಹೇಳಿದ ಲಾಯ್ಡ್ಸ್ ಟಿಎಸ್‌ಬಿ 2007ರಲ್ಲಿ ಮುಂಬೈ ಕಾಲ್ ಸೆಂಟರ್ ಕೆಲಸ ನಿಲ್ಲಿಸಿತು. ಸ್ಯಾಂಟಾಂಡರ್ ಬ್ಯಾಂಕು 2011ರಲ್ಲಿ ಬೆಂಗಳೂರು, ಪುಣೆಯ ಕರೆಗಳನ್ನು ಬ್ರಿಟನ್‌ಗೆ ತಗೊಂಡು ಹೋಯಿತು. ಅಲ್ಲಿಯವರು ಖುಷಿಪಟ್ಟರು. ಇಲ್ಲಿ ಕುರ್ಚಿ ಖಾಲಿಯಾದವರ ಬಗ್ಗೆ ಅಲ್ಲಿ ಸುದ್ದಿಯಾಗಲಿಲ್ಲ, ಇಲ್ಲೂ ಆಗಲಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು ಪೂರ್ವದಿಂದ ಬಂತು. 2010-11ರ ಹೊತ್ತಿಗೆ ವಾಯ್ಸ್ ಕೆಲಸದಲ್ಲಿ ಫಿಲಿಪೀನ್ಸ್ ನಮ್ಮನ್ನ ಹಿಂದೆ ಹಾಕಿತು. ಆ ದೇಶ 1898ರಿಂದ 1946ರವರೆಗೆ ಅಮೆರಿಕದ ಕೈಯಲ್ಲಿತ್ತು. ಅವರ ಇಂಗ್ಲಿಷಿಗೆ ಅಮೆರಿಕದ ಧಾಟಿ ಇದೆ, ಅಲ್ಲಿಯ ಟಿವಿ, ಬಾಸ್ಕೆಟ್‌ಬಾಲ್, ಹಬ್ಬ ಎಲ್ಲ ಗೊತ್ತು. ನಮ್ಮ ಕಡೆ ಕಂಪನಿಗಳು ‘ಅದು ಬರೀ ಫೋನ್ ಎತ್ತುವ ಕೆಲಸ, ನಾವು ಮೇಲಿನ ಮೆಟ್ಟಿಲಿಗೆ ಹೋಗಿದ್ದೇವೆ’ ಅಂದವು. ಲೆಕ್ಕಪತ್ರ, ವಿಮೆ ಕ್ಲೇಮು, ಡೇಟಾ ಕೆಲಸ ನಿಜಕ್ಕೂ ಬಂತು. ಆದರೆ ಕೆಳಗಿನ ಮೆಟ್ಟಿಲಿನಲ್ಲಿ ಕಾಲಿಡಬೇಕಿದ್ದ ಬಿಎ ಪಾಸಾದವನ ಪಾಡೇನು ಅಂತ ಯಾರೂ ಕೇಳಲಿಲ್ಲ.

ಈಗ ಒಂದು ಕುರ್ಚಿಯ ಲೆಕ್ಕಕ್ಕೆ ಬರೋಣ. ಇದು ಗೊತ್ತಾದರೆ ಉಳಿದದ್ದೆಲ್ಲ ಸುಲಭ.

ನನ್ನ ತಮ್ಮನ ಗೆಳೆಯನೊಬ್ಬ ಅಮೆರಿಕದ ಆರೋಗ್ಯ ವಿಮೆಯ ಪ್ರೋಸೆಸ್‌ನಲ್ಲಿದ್ದ. ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಆಗ ಲಾಗಿನ್. ಕರೆ ಎತ್ತಿದ ಕೂಡಲೇ ಪರದೆಯ ಮೂಲೆಯಲ್ಲಿ ಟೈಮರ್ ಓಡುತ್ತೆ, ಮೊದಲು ಹಸಿರು, ಆಮೇಲೆ ಹಳದಿ, ಆಮೇಲೆ ಕೆಂಪು. ಕರೆ ಮುಗಿಸಿ, ಬರೆಯೋದನ್ನ ಬರೆದು, ಮುಂದಿನದಕ್ಕೆ ಸಿದ್ಧ ಆಗುವವರೆಗಿನ ಸರಾಸರಿ ಹೊತ್ತಿಗೆ ‘ಎಎಚ್‌ಟಿ’ ಅಂತಾರೆ. ಅವನಿಗೆ ಆರು ನಿಮಿಷ ಇತ್ತು. ಒಮ್ಮೆ ಒಂದು ಅಜ್ಜಿ ಆಸ್ಪತ್ರೆ ಬಿಲ್ಲು ಕೇಳೋಕೆ ಫೋನ್ ಮಾಡಿ, ಗಂಡ ತೀರಿಕೊಂಡದ್ದನ್ನ ಹೇಳ್ತಾ ಹೇಳ್ತಾ ಅತ್ತಳಂತೆ. ಟೈಮರ್ ಕೆಂಪಾಯಿತು. ಇವನು ಫೋನ್ ಇಡಲಿಲ್ಲ. ಮರುದಿನ ಟೀಮ್ ಲೀಡರ್ ಕರೆದು, ಸಮಾಧಾನ ಹೇಳಿದ್ದಕ್ಕೆ ಪೂರ್ತಿ ಅಂಕ, ಎಎಚ್‌ಟಿಗೆ ಸೊನ್ನೆ ಅಂತ ಎರಡನ್ನೂ ಒಂದೇ ಹಾಳೆಯಲ್ಲಿ ತೋರಿಸಿದರಂತೆ.

ಆ ಆರು ನಿಮಿಷದ ಮೇಲೆ ಯಾಕಿಷ್ಟು ಕಣ್ಣು? ಒಂದು ಪ್ರೋಸೆಸ್‌ಗೆ ದಿನಕ್ಕೆ 10,000 ಕರೆ ಬರುತ್ತೆ ಅಂದುಕೊಳ್ಳಿ. ಒಂದಕ್ಕೆ ಆರು ನಿಮಿಷ ಅಂದರೆ ಒಟ್ಟು 1,000 ಗಂಟೆ ಮಾತು. ಬ್ರೇಕು, ತರಬೇತಿ, ಕರೆ ಇಲ್ಲದೆ ಕಾಯುವ ಹೊತ್ತು ಕಳೆದರೆ ಒಬ್ಬ ಶಿಫ್ಟಿಗೆ ಆರು ಗಂಟೆ ಮಾತಾಡ್ತಾನೆ ಅಂತಿಟ್ಟುಕೊಳ್ಳಿ. ಬೇಕಾಗೋದು 167 ಜನ. ಈಗ ಎಎಚ್‌ಟಿಯನ್ನು ಬರೀ ಅರ್ಧ ನಿಮಿಷ ಇಳಿಸಿ. 153 ಜನ ಸಾಕು. ಅರ್ಧ ನಿಮಿಷಕ್ಕೆ 14 ಕುರ್ಚಿ! ಅಜ್ಜಿಯ ಅಳು ದುಬಾರಿಯಾಗೋದು ಹೀಗೆ.

ಇದೇ ಲೆಕ್ಕ ಬಾಟ್‌ಗೂ ಹಾಕಿ. ಬಾಟ್ ಬಂದು ಆ ಹತ್ತು ಸಾವಿರದಲ್ಲಿ 4,000 ಕರೆ ತಾನೇ ಮುಗಿಸಿತು ಅಂತಿರಲಿ. ಕಂಪನಿಯ ಸ್ಲೈಡಿನಲ್ಲಿ ‘ಶೇ. 40ರಷ್ಟು ಕೆಲಸ ಉಳಿತಾಯ’ ಅಂತ ಬರುತ್ತೆ. ಆದರೆ ಬಾಟ್ ಎತ್ತಿಕೊಂಡಿದ್ದು ಸುಲಭದ ಕರೆಗಳನ್ನ: ಬ್ಯಾಲೆನ್ಸ್ ಎಷ್ಟು, ಪಾರ್ಸೆಲ್ ಎಲ್ಲಿದೆ, ಪಾಸ್‌ವರ್ಡ್ ಮರೆತೆ. ಮನುಷ್ಯರಿಗೆ ಉಳಿಯುವ 6,000 ಕರೆ ಜಟಿಲವಾದವು, ಬಾಟ್ ಜೊತೆ ಗುದ್ದಾಡಿ ಸಿಟ್ಟಾಗಿ ಬಂದವರದ್ದು. ಅದಕ್ಕೆ ಎಂಟು ನಿಮಿಷ ಹಿಡಿಯುತ್ತೆ ಅಂದರೆ 800 ಗಂಟೆ, 133 ಜನ. ಕರೆ ಶೇ. 40 ಕಡಿಮೆಯಾದರೂ ಕೆಲಸ ಕಡಿಮೆಯಾಗಿದ್ದು ಶೇ. 20. ‘ಬಾಟ್ ಬಂತು, ಎಲ್ಲ ಮುಗೀತು’ ಅನ್ನುವವರೂ, ‘ಏನೂ ಆಗಲ್ಲ’ ಅನ್ನುವವರೂ ಈ ಲೆಕ್ಕ ಹಾಕೋದೇ ಇಲ್ಲ.

ನಿಜದಲ್ಲೂ ಹೀಗೇ ಆಗುತ್ತಿದೆ. ಸ್ವೀಡನ್‌ನ ಕ್ಲಾರ್ನಾ ಅನ್ನೋ ಹಣ ಪಾವತಿ ಕಂಪನಿ 2024ರ ಫೆಬ್ರವರಿಯಲ್ಲಿ, ತನ್ನ ಎಐ ಸಹಾಯಕ ಮೊದಲ ತಿಂಗಳಲ್ಲೇ 23 ಲಕ್ಷ ಸಂಭಾಷಣೆ ನಡೆಸಿ 700 ಜನರ ಕೆಲಸ ಮಾಡಿತು ಎಂದಿತು. ಜಗತ್ತಿನ ಅತಿ ದೊಡ್ಡ ಕಾಲ್ ಸೆಂಟರ್ ಕಂಪನಿ ಟೆಲಿಪರ್ಫಾರ್ಮೆನ್ಸ್‌ನ ಷೇರು ಅದನ್ನು ಕೇಳಿಯೇ ಜೋರಾಗಿ ಬಿತ್ತು. 2025ರಲ್ಲಿ ಅದೇ ಕ್ಲಾರ್ನಾ ಗುಣಮಟ್ಟ ಕೆಟ್ಟಿತು, ಮತ್ತೆ ಮನುಷ್ಯರು ಬೇಕು ಅಂತ ರಾಗ ಬದಲಿಸಿತು. ಟಿಸಿಎಸ್ ಮುಖ್ಯಸ್ಥ ಕೃತಿವಾಸನ್ 2024ರ ಏಪ್ರಿಲ್‌ನಲ್ಲಿ, ಇನ್ನೊಂದು ವರ್ಷದಲ್ಲಿ ಕಾಲ್ ಸೆಂಟರ್‌ಗಳ ಅಗತ್ಯ ತೀರಾ ಕಡಿಮೆಯಾಗಬಹುದು ಎಂದಿದ್ದರು. ಆ ವರ್ಷ ಕಳೆದು ಹೋಯಿತು, ಹೆಡ್‌ಸೆಟ್ ಇನ್ನೂ ಕಿವಿ ಮೇಲಿದೆ. ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಬ್ಯಾಂಕು 2025ರಲ್ಲಿ ಬಾಟ್ ನಂಬಿ 45 ಜನರ ಕೆಲಸ ತೆಗೆಯಲು ಹೊರಟು, ಕರೆಗಳು ಇಳಿಯುವ ಬದಲು ಏರಿದಾಗ, ಯೂನಿಯನ್ ಪಟ್ಟು ಹಿಡಿದ ಮೇಲೆ ನಿರ್ಧಾರ ವಾಪಸ್ ತಗೊಂಡಿತು. ಯೂನಿಯನ್ ಇತ್ತು ಅನ್ನೋದನ್ನ ಗಮನಿಸಿ.

ಹಾಗಿದ್ದ ಮೇಲೆ ನಮ್ಮ ಹುಡುಗರಿಗೆ ಕೆಲಸ ಯಾಕೆ ಸಿಗ್ತಿಲ್ಲ? ಉತ್ತರ ನೇಮಕಾತಿಯಲ್ಲಿದೆ. ಬಿಪಿಒದಲ್ಲಿ ಜನ ತಾವಾಗೇ ಬಿಟ್ಟು ಹೋಗೋದು ಬಹಳ. ನೈಟ್ ಶಿಫ್ಟ್ ಆಗಲ್ಲ, ಮದುವೆ ಗೊತ್ತಾಯಿತು, ಇನ್ನೊಂದು ಕಂಪನಿಯಲ್ಲಿ ಎರಡು ಸಾವಿರ ಜಾಸ್ತಿ ಕೊಡ್ತಾರೆ, ಹೀಗೆ. ತಿಂಗಳಿಗೆ ಶೇ. 3ರಷ್ಟು ಜನ ಬಿಡ್ತಾರೆ ಅಂತಿಟ್ಟುಕೊಳ್ಳಿ. ಸಾವಿರ ಜನರ ಕಂಪನಿ ಹೊಸಬರನ್ನ ತಗೊಳ್ಳೋದು ನಿಲ್ಲಿಸಿದರೆ ವರ್ಷಕ್ಕೆ 694 ಜನ ಉಳಿಯುತ್ತಾರೆ, ಎರಡು ವರ್ಷಕ್ಕೆ 481. ಒಬ್ಬರನ್ನೂ ತೆಗೆದಿಲ್ಲ. ಪೇಪರಿನಲ್ಲಿ ಸುದ್ದಿಯಿಲ್ಲ, ಗೇಟಿನ ಮುಂದೆ ಧರಣಿಯಿಲ್ಲ. ಅರ್ಧಕ್ಕರ್ಧ ಕುರ್ಚಿ ಖಾಲಿ. ಒಳಗಿದ್ದವನು ‘ನಮ್ಮಲ್ಲಿ ಲೇಆಫ್ ಆಗಿಲ್ಲ’ ಅಂತ ಹೇಳಿದರೆ ಅವನು ಸುಳ್ಳು ಹೇಳ್ತಿಲ್ಲ. ಕೆಲಸ ಕಳೆದುಕೊಂಡವನು ಇನ್ನೂ ಬಳ್ಳಾರಿ ಸ್ಟೇಷನ್ನಿಗೇ ಬಂದಿಲ್ಲ, ಅವನಿಗೇ ಗೊತ್ತಿಲ್ಲ ಅವನ ಕೆಲಸ ಹೋಗಿದೆ ಅಂತ. ಅದಕ್ಕೇ ನನ್ನ ಪ್ರಕಾರ ಎಷ್ಟು ಜನರನ್ನ ತೆಗೆದರು ಅನ್ನೋ ಅಂಕಿಗಿಂತ ಎಷ್ಟು ಜನರನ್ನ ಹೊಸದಾಗಿ ತಗೊಂಡರು ಅನ್ನೋ ಅಂಕಿ ನಮ್ಮ ಕಡೆಯವರಿಗೆ ಮುಖ್ಯ.

ಒಳಗಿದ್ದವರನ್ನ ಕಳಿಸುವ ರೀತಿಯೂ ಸದ್ದಿಲ್ಲದ್ದೇ. ಅಮೆರಿಕದ ಕಂಪನಿ ಕರಾರು ನವೀಕರಿಸಲಿಲ್ಲ ಅಂದರೆ ‘ರಾಂಪ್ ಡೌನ್’. ಒಂದಷ್ಟು ಜನರಿಗೆ ಬೇರೆ ಪ್ರೋಸೆಸ್ ಸಿಗುತ್ತೆ, ಉಳಿದವರನ್ನ ಒಬ್ಬೊಬ್ಬರಾಗಿ ಎಚ್‌ಆರ್ ಕೋಣೆಗೆ ಕರೀತಾರೆ. ಸಿರುಗುಪ್ಪದ ಒಬ್ಬ ಹುಡುಗನಿಗೂ ಅದೇ ಆಯಿತು. ‘ಅಣ್ಣಾ, ನನ್ನನ್ನ ಯಾರೂ ತೆಗೀಲಿಲ್ಲ. ನಾನೇ ಬಿಡ್ತೀನಿ ಅಂತ ಬರೆಸ್ಕೊಂಡ್ರು. ಬರೆದುಕೊಟ್ರೆ ರಿಲೀವಿಂಗ್ ಲೆಟರ್ ಚೆನ್ನಾಗಿರುತ್ತೆ ಅಂದ್ರು’ ಅಂದ. ಹಾಗೆ ಬರೆದುಕೊಟ್ಟರೆ ಏನು ಹೋಗುತ್ತೆ ಅಂತ ಅವನಿಗೆ ಗೊತ್ತಿರಲಿಲ್ಲ. ಕಾನೂನಿನ ಲೆಕ್ಕದಲ್ಲಿ ‘ಕಾರ್ಮಿಕ’ ಅನ್ನಿಸಿಕೊಳ್ಳುವ, ಒಂದು ವರ್ಷ ಮುಗಿಸಿದ ನೌಕರನನ್ನು ಕೆಲಸ ಇಲ್ಲ ಅಂತ ತೆಗೆದರೆ ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು, ಜೊತೆಗೆ ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ರಾಜೀನಾಮೆ ಕೊಟ್ಟವನಿಗೆ ಈ ಪರಿಹಾರ ಇಲ್ಲ. ಐಟಿ, ಬಿಪಿಒ ಕಂಪನಿಗಳಿಗೆ ಕರ್ನಾಟಕ ಸರ್ಕಾರ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನ ಲಿಖಿತವಾಗಿ ಇಡಬೇಕು ಅನ್ನುವ ಕಾನೂನು) ವಿನಾಯಿತಿ ಕೊಡುತ್ತಲೇ ಬಂದಿತ್ತು, 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತ್ತು. 2017ರಿಂದ ಕೆಐಟಿಯು ಅನ್ನೋ ನೌಕರರ ಯೂನಿಯನ್ ಇದೆ, ಬಲವಂತದ ರಾಜೀನಾಮೆ ವಿರುದ್ಧ ದನಿ ಎತ್ತುತ್ತದೆ. ಊರಿಂದ ಹೋದ ಎಷ್ಟೋ ಜನರಿಗೆ ಅದರ ಹೆಸರೂ ಗೊತ್ತಿಲ್ಲ.

ಅಮೆರಿಕದಲ್ಲಿ 2025ರಲ್ಲಿ ಎರಡು ಮಸೂದೆ ಬಂದವು. ಕಾಲ್ ಸೆಂಟರ್ ಹೊರದೇಶಕ್ಕೆ ಕಳಿಸುವ ಕಂಪನಿಗಳಿಗೆ ಸರ್ಕಾರದ ಅನುದಾನ, ಸಾಲ ಸಿಗಬಾರದು, ಫೋನ್ ಎತ್ತಿದವರು ಯಾವ ದೇಶದಲ್ಲಿದ್ದಾರೆ, ಮನುಷ್ಯರೋ ಯಂತ್ರವೋ ಅಂತ ಮೊದಲೇ ಹೇಳಬೇಕು ಅನ್ನೋದು ಒಂದು. ಹೊರಗುತ್ತಿಗೆಗೆ ಕೊಡುವ ಹಣದ ಮೇಲೆ ಶೇ. 25 ತೆರಿಗೆ ಹಾಕಬೇಕು ಅನ್ನೋದು ಇನ್ನೊಂದು. ಇಂಥವು ಜಾರಿಗೆ ಬಂದರೂ ನ್ಯೂಕ್ಯಾಸಲ್‌ನಂಥ ಅಮೆರಿಕದ ಊರಿಗೆ ಹಳೇ ಕೆಲಸ ಅಷ್ಟೇ ಸಂಖ್ಯೆಯಲ್ಲಿ ಮರಳುತ್ತೆ ಅಂತ ನನಗನ್ನಿಸಲ್ಲ. ಅಮೆರಿಕದ ಸರ್ಕಾರಿ ಅಂದಾಜಿನಲ್ಲೇ ಅಲ್ಲಿಯ ಸುಮಾರು 28 ಲಕ್ಷ ಗ್ರಾಹಕ ಸೇವೆಯ ಕೆಲಸಗಳು 2023ರಿಂದ 2033ರೊಳಗೆ ಶೇ. 5ರಷ್ಟು ಇಳಿಯುತ್ತವೆ. ಮನಿಲಾದಿಂದ, ಬೆಂಗಳೂರಿಂದ ತೆಗೆದ ಕೆಲಸದ ದೊಡ್ಡ ಪಾಲು ಯಂತ್ರಕ್ಕೇ ಹೋಗುತ್ತೆ.

ಹಾಗಂತ ನಮ್ಮ ಕಡೆಯವರಿಗೆ ಫೋನಿನ ಕೆಲಸವೇ ಇಲ್ಲ ಅಂತಲ್ಲ. ದೇಶದೊಳಗಿನ ಪ್ರೋಸೆಸ್‌ಗಳಿವೆ: ಬ್ಯಾಂಕು, ಮೊಬೈಲ್ ಕಂಪನಿ, ಊಟ ತಂದುಕೊಡುವ ಆಪ್, ವಿಮೆ, ಸರ್ಕಾರಿ ಸಹಾಯವಾಣಿ. ಇಲ್ಲಿ ಬಳ್ಳಾರಿಯವರ ಕೈಯಲ್ಲಿ ಒಂದು ಬಂಡವಾಳ ಇದೆ. ಇಲ್ಲಿ ಎಷ್ಟೋ ಮನೆಯಲ್ಲಿ ಕನ್ನಡ, ತೆಲುಗು ಎರಡೂ ನೀರು ಕುಡಿದಷ್ಟು ಸಲೀಸು, ಉರ್ದು-ಹಿಂದಿ ಪೇಟೆಯಲ್ಲಿ ಬಂದಿರುತ್ತೆ. ಮೂರು ಭಾಷೆಯಲ್ಲಿ ಕರೆ ಎತ್ತುವ ಒಬ್ಬರನ್ನ ಇಟ್ಟುಕೊಂಡರೆ ಕಂಪನಿಗೆ ಮೂರು ಭಾಷೆಗೆ ಬೇರೆ ಬೇರೆ ಮೂವರನ್ನ ಇಡುವ ತಾಪತ್ರಯ ತಪ್ಪುತ್ತೆ. ಸಂಬಳ ಮಾತ್ರ ಅಮೆರಿಕದ ಪ್ರೋಸೆಸ್‌ಗಿಂತ ಕಮ್ಮಿ, ಬೆಂಗಳೂರಿನ ಪಿಜಿ ಬಾಡಿಗೆ ಕಟ್ಟಿದರೆ ಉಳಿಯೋದು ಅಷ್ಟಕ್ಕಷ್ಟೆ. ಊರಲ್ಲೇ ಕೂತು ಮಾಡುವ ಹಾಗಿದ್ದರೆ ಲೆಕ್ಕ ಬೇರೆ. ಸಣ್ಣ ಊರುಗಳಿಗೆ ಬಿಪಿಒ ತರಲು ಕೇಂದ್ರ ಸರ್ಕಾರ 493 ಕೋಟಿ ರೂಪಾಯಿಯ ಯೋಜನೆ ಮಾಡಿತ್ತು, 48,300 ಸೀಟಿನ ಗುರಿ, ಸೀಟಿಗೆ 1 ಲಕ್ಷದವರೆಗೆ ನೆರವು. ದೊಡ್ಡ ನಗರಗಳನ್ನು ಬೇಕಂತಲೇ ಹೊರಗಿಟ್ಟಿದ್ದರು. ಕಲ್ಯಾಣ ಕರ್ನಾಟಕದ ಜನಪ್ರತಿನಿಧಿಗಳು ಸ್ಟೀಲು, ಸಿಮೆಂಟು ಬಂಡವಾಳದ ಬಗ್ಗೆ ಮಾತಾಡುವಷ್ಟು ಇಂಥದ್ದರ ಬಗ್ಗೆ ಮಾತಾಡಿದ್ದನ್ನ ನಾನಂತೂ ಕೇಳಿಲ್ಲ.

ಕನ್ನಡದ ಬಾಟ್‌ಗಳೂ ಬರ್ತಿವೆ, ಬಂದೇ ಬರುತ್ತವೆ. ಆದರೆ ಈಗಿನ ಮಟ್ಟಿಗೆ ಅವು ಪುಸ್ತಕದ ಕನ್ನಡಕ್ಕೆ ಒಗ್ಗಿವೆ. ಮಾನ್ವಿ ಕಡೆಯ ನಮ್ಮ ಮಾವ ಸಿಲಿಂಡರ್ ವಿಷಯಕ್ಕೆ ಅದರ ಜೊತೆ ಮಾತಾಡೋದನ್ನ ಕೇಳಿದ್ದೆ. ‘ಸಿಲಿಂಡ್ರ ಬಂದಿಲ್ರೀ ಇನ್ನಾ’ ಅಂದರೆ ‘ಕ್ಷಮಿಸಿ, ಅರ್ಥವಾಗಲಿಲ್ಲ’ ಅನ್ನುತ್ತೆ. ಜೋರಾಗಿ ಹೇಳಿದರೂ ಅದೇ, ಬೈದರೂ ಅದೇ. ಕೊನೆಗೆ ಸೊನ್ನೆ ಒತ್ತಿದಾಗ ಒಬ್ಬ ಹುಡುಗಿ ಫೋನ್ ಎತ್ತಿ, ‘ಹೇಳ್ರೀ ಕಾಕಾ, ಎಷ್ಟನೇ ತಾರೀಕು ಬುಕ್ ಮಾಡಿದ್ರಿ?’ ಅಂದಳು. ಎರಡೇ ನಿಮಿಷದಲ್ಲಿ ಕೆಲಸ ಮುಗೀತು.